ನದಿಯ ಹೋರಾಟವೂ ಊರಿನ ಸೊಪ್ಪಿನಬೆಟ್ಟವೂ

(ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಪರಿಸರಾಸಕ್ತರ ಸಭೆಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಸೀಮೆಯನ್ನು ಹಾದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ತಡೆಯಲ್ಪಟ್ಟು, ಜೋಗದಲ್ಲಿ ಧುಮುಕಿ, ಹೊನ್ನಾವರದ ಬಳಿ ಕಡಲನ್ನು ಸೇರುತ್ತದೆ. ಮೂರು ತಾಲ್ಲೂಕುಗಳನ್ನು ಒಂದೇ ಎಳೆಯಲ್ಲಿ ಪೋಣಿಸಿರುವ ನದಿ ಇದು. ತೀರ್ಥಹಳ್ಳಿಯ ಆಗುಂಬೆ, ಹೊಸನಗರದ ಹುಲಿಕಲ್ಲುಗಳು ರಾಜ್ಯದಲ್ಲಿಯೇ ಅತ್ಯಧಿಕ ಮಳೆ ಬೀಳುವ ಸ್ಥಳಗಳೆಂದು ಶಾಲೆಯ ಮಕ್ಕಳೂ ಬಲ್ಲರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾದ ಮಳೆ ಸುರಿಯುತ್ತದೆ. ಆದರೂ ಮಾರ್ಚ್ ಕಳೆಯುವಷ್ಟರಲ್ಲಿ ಈ ತಾಲ್ಲೂಕುಗಳ ಎಷ್ಟೋ ಊರುಗಳಲ್ಲಿ ಬಾವಿಯ ತಳ ಕಾಣುತ್ತದೆ, ಅಬ್ಬಿಯ ನೀರು ದಬ್ಬೆಗೆ ಬರುವುದು ನಿಲ್ಲುತ್ತದೆ, ಪಂಚಾಯಿತಿಯ ಟ್ಯಾಂಕರಿಗಾಗಿ ಕೊಡಗಳು ಸಾಲುಗಟ್ಟುತ್ತವೆ. ಜಲಾಶಯದ ಹಿನ್ನೀರನ್ನು ಅಂಗಳದಿಂದಲೇ ನೋಡಬಲ್ಲ ಮನೆಗಳೂ ಇದಕ್ಕೆ ಹೊರತಾಗಿಲ್ಲ. ಈ ವಿಪರ್ಯಾಸಕ್ಕೂ ಊರಿನ ಹಿಂಭಾಗದ ಗುಡ್ಡಕ್ಕೂ ಇರುವ ಸಂಬಂಧವೇ ಇಂದಿನ ವಿಷಯ.

ನದಿಯ ಕಥೆಯನ್ನು ಮೊದಲು ಸಂಕ್ಷೇಪವಾಗಿ ನೆನೆಯಬೇಕಾಗುತ್ತದೆ. 1940ರ ದಶಕದಲ್ಲಿ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟೆಯನ್ನು ಕಟ್ಟಲಾಯಿತು. ಅದರ ನೀರಿನಿಂದ ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರವು 1948ರಲ್ಲಿ ಕೆಲಸ ಆರಂಭಿಸಿತು. ಹದಿನಾರು ವರ್ಷಗಳ ತರುವಾಯ, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡು ಮೊದಲಿನ ಅಣೆಕಟ್ಟೆಯನ್ನೇ ನುಂಗಿತು. ಬೇಸಗೆಯಲ್ಲಿ ನೀರು ತೀರ ಇಳಿದಾಗ ಹಿರೇಭಾಸ್ಕರದ ಕಟ್ಟಡವು ಇಂದಿಗೂ ಮೇಲೆದ್ದು ಕಾಣುತ್ತದೆ. ಮುನ್ನೂರು ಚದರ ಕಿಲೋಮೀಟರಿನಷ್ಟು ನೆಲವನ್ನು ಆವರಿಸಿದ ಈ ಜಲಾಶಯದ ಅಡಿಯಲ್ಲಿ ಗದ್ದೆ, ತೋಟ, ಗುಡಿ, ಮನೆಗಳೆಲ್ಲವೂ ಹೋದವು. ಹೊಸನಗರ ತಾಲ್ಲೂಕಿಗೆ ಮುಳುಗಡೆ ಅಷ್ಟಕ್ಕೇ ಮುಗಿಯಲಿಲ್ಲ. ವಾರಾಹಿಗೆ ಅಡ್ಡಲಾಗಿ ಮಾಣಿ, ಅದರ ಆಚೀಚೆ ಚಕ್ರಾ, ಸಾವೆಹಕ್ಲು ಎಂಬ ಜಲಾಶಯಗಳೂ ಬಂದವು. ಈ ದುಃಖವನ್ನು ಸಾಹಿತ್ಯಕ್ಕೆ ತಂದವರು ಸಾಗರದ ನಾ. ಡಿಸೋಜ ಅವರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಕೆಲಸವನ್ನು ಹತ್ತಿರದಿಂದ ಕಂಡಿದ್ದ ಅವರು ‘ಮುಳುಗಡೆ’, ‘ದ್ವೀಪ’ ಮೊದಲಾದ ಕೃತಿಗಳನ್ನು ರಚಿಸಿದರು. ‘ದ್ವೀಪ’ವು 2002ರಲ್ಲಿ ಗಿರೀಶ ಕಾಸರವಳ್ಳಿಯವರ ನಿರ್ದೇಶನದಲ್ಲಿ ಚಲನಚಿತ್ರವೂ ಆಯಿತು. ಮುಳುಗಡೆಯಾಗಿ ಆರು ದಶಕಗಳು ಕಳೆದರೂ ಎತ್ತಂಗಡಿಯಾದ ಬಹಳಷ್ಟು ಕುಟುಂಬಗಳ ಕೈಗೆ ತಾವು ಉಳುತ್ತಿರುವ ನೆಲದ ಹಕ್ಕುಪತ್ರ ಬಂದಿಲ್ಲ. ನಾಡಿಗೆ ದೀಪ ಹಚ್ಚಿದವರ ಮನೆಯ ಕಾಗದವನ್ನು ಸರಿಪಡಿಸಲಾರದ ಆಡಳಿತವು ಅದೇ ಕಣಿವೆಗೆ ಮತ್ತೆ ಮತ್ತೆ ಹೊಸ ಯೋಜನೆಗಳನ್ನು ತರುವುದನ್ನು ಜನ ಅನುಮಾನದಿಂದ ನೋಡಿದರೆ ಅದನ್ನು ಅಭಿವೃದ್ಧಿವಿರೋಧವೆಂದು ಕರೆಯಲಾಗದು.

2019ರ ಜೂನ್ ತಿಂಗಳಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಯೋಜನೆಯ ವಿಸ್ತೃತ ವರದಿ ಸಿದ್ಧಪಡಿಸಲು ಸರ್ಕಾರ ಮುಂದಾದುದು ಎಲ್ಲರ ನೆನಪಿನಲ್ಲಿದೆ. ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಬೆಂಗಳೂರು ಇರುವುದು ಸುಮಾರು 3,000 ಅಡಿಯ ಮೇಲೆ. ಸಾವಿರ ಅಡಿಗೂ ಮೀರಿ ನೀರನ್ನು ಎತ್ತಬೇಕು, ನೂರಾರು ಕಿಲೋಮೀಟರು ದೂಡಬೇಕು. ವಿದ್ಯುತ್ತನ್ನು ಉತ್ಪಾದಿಸುವ ನೀರನ್ನು ವಿದ್ಯುತ್ತನ್ನು ಸುಟ್ಟು ಸಾಗಿಸಬೇಕು. ಆ ವರ್ಷದ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಸ್ವಯಂಪ್ರೇರಿತವಾಗಿ ಬಂದ್ ಆಚರಿಸಿತು. ಎಂಬತ್ತರ ಹರೆಯ ದಾಟಿದ್ದ ನಾ. ಡಿಸೋಜ ಅವರು ಆ ಹೋರಾಟದ ಮುಂಚೂಣಿಯಲ್ಲಿದ್ದರು. (2025ರ ಜನವರಿಯಲ್ಲಿ ಅವರು ತೀರಿಕೊಂಡರು.) ಆಗ ಯೋಜನೆ ಹಿಂದೆ ಸರಿಯಿತು. ಆ ಬಳಿಕ ಅದರ ಹೆಸರು ಮತ್ತೆ ಕೇಳಿಬಂದಿದೆ. ಇದರ ಜೊತೆಯಲ್ಲಿಯೇ ತಲಕಳಲೆ ಜಲಾಶಯಕ್ಕೂ ಗೇರುಸೊಪ್ಪೆಯ ಜಲಾಶಯಕ್ಕೂ ನಡುವೆ, ಸಿಂಗಳೀಕಗಳ ನೆಲೆಯಾದ ಅಭಯಾರಣ್ಯದ ಗರ್ಭದಲ್ಲಿ, 2,000 ಮೆಗಾವಾಟಿನ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆಯೂ ತೀವ್ರ ವಿವಾದಕ್ಕೆ ಒಳಗಾಗಿದೆ.

ಈ ಹೋರಾಟಗಳು ನ್ಯಾಯವಾದವು. ಅವುಗಳ ಪರವಾಗಿ ಇಲ್ಲಿ ವಾದಿಸುವ ಅಗತ್ಯವಿಲ್ಲ. ಆದರೆ ಒಂದು ಅಂಶ ಅವುಗಳ ಗದ್ದಲದಲ್ಲಿ ಮರೆಯಾಗುತ್ತಿದೆ. ಬಂದ್ ನಡೆಯುವುದು ಜಲಾಶಯದ ನೀರಿಗಾಗಿ. ಆ ನೀರು ಬರುವುದು ಗುಡ್ಡಗಳಿಂದ. ಗುಡ್ಡಗಳಾದರೋ ಊರಿನ ಕಂದಾಯ ದಾಖಲೆಯಲ್ಲಿ ಕಾನು, ಸೊಪ್ಪಿನಬೆಟ್ಟ, ಗೋಮಾಳ, ಹುಲ್ಲುಬನ್ನಿ ಎಂಬ ಹೆಸರುಗಳಲ್ಲಿ ಸರ್ವೆನಂಬರುಗಳಾಗಿ ಮಲಗಿವೆ. ಅವುಗಳ ಗತಿ ಏನಾಗಿದೆ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ಬೆಂಗಳೂರಿನಲ್ಲಿಲ್ಲ.

ಕಾನು ಎಂಬುದು ಮಲೆನಾಡಿನವರಿಗೆ ವಿವರಿಸಬೇಕಾದ ಪದವಲ್ಲ. ಹಲಸು, ಧೂಪ, ಮುರುಗಲು, ಉಪ್ಪಾಗೆ, ದಾಲ್ಚಿನ್ನಿ, ಬೈನೆ ಮರಗಳು ದಟ್ಟೈಸಿ, ಅವುಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿ, ಒಳಗೆಲ್ಲೋ ಒಂದು ಒರತೆಯನ್ನೂ ಒಬ್ಬ ಭೂತರಾಯನನ್ನೋ ಚೌಡಿಯನ್ನೋ ಇರಿಸಿಕೊಂಡ ಸದಾ ಹಸುರಿನ ಕಾಡು ಅದು. 1868ರಷ್ಟು ಹಿಂದೆಯೇ ಬ್ರಿಟಿಷ್ ಅರಣ್ಯಾಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಅವರು ನೆರೆಯ ಸೊರಬ ತಾಲ್ಲೂಕಿನ ಕಾನುಗಳನ್ನು ಕುರಿತು ಪ್ರತ್ಯೇಕ ವರದಿಯನ್ನು ಬರೆದಿದ್ದರು. ಕಾನಿನ ಮರವನ್ನು ಊರವರು ಕಡಿಯುತ್ತಿರಲಿಲ್ಲ. ಅದರಿಂದ ಮೆಣಸು, ಬೈನೆ, ಜೇನುಗಳನ್ನು ಪಡೆಯುತ್ತಿದ್ದರು. ಸೊಪ್ಪಿನಬೆಟ್ಟದ ರೀತಿ ಬೇರೆ. ಅಲ್ಲಿ ಕೊಂಬೆ ಸವರಬಹುದು, ದರಗು ಗುಡಿಸಬಹುದು, ದನ ಬಿಡಬಹುದು. ಆದರೆ ಬುಡಕ್ಕೆ ಕೊಡಲಿ ಹಾಕುವಂತಿಲ್ಲ, ನೆಲವನ್ನು ಉಳುವಂತಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 79ನೆಯ ಕಲಮು ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ, ಉತ್ತರ ಕನ್ನಡದ ಬೆಟ್ಟಗಳ ಜೊತೆಯಲ್ಲಿ ಹಳೆಯ ಮೈಸೂರು ಪ್ರಾಂತದ ಕಾನು ಮತ್ತು ಸೊಪ್ಪಿನಬೆಟ್ಟಗಳನ್ನೂ ಹೆಸರಿಸಿ, ಅವುಗಳಲ್ಲಿ ಜನ ಅನುಭವಿಸುತ್ತ ಬಂದ ಸವಲತ್ತುಗಳು ಮುಂದುವರಿಯತಕ್ಕದ್ದೆಂದು ಹೇಳಿದೆ. ಸವಲತ್ತು ಎಂಬ ಮಾತನ್ನು ಗಮನಿಸಬೇಕು. ಅದು ಮಾಲಿಕತ್ವವಲ್ಲ, ಸವಲತ್ತು ಇರುವಷ್ಟು ಕಾಲವೂ ಬೆಟ್ಟವು ಬೆಟ್ಟವಾಗಿಯೇ ಇರಬೇಕು.

ಹಿಂದಿನವರು ಬೆಟ್ಟವನ್ನು ಕಾಪಾಡಿದ್ದು ಪರಿಸರಪ್ರೇಮದಿಂದೆಂದು ಹೇಳುವುದು ಭಾಷಣಕ್ಕೆ ಸೊಗಸು, ಸತ್ಯಕ್ಕೆ ದೂರ. ಅವರಿಗೆ ಬೆಟ್ಟ ಬೇಕಾಗಿತ್ತು. ಬೇಸಗೆಯಲ್ಲಿ ದರಗು, ಮಳೆಗಾಲದಲ್ಲಿ ಹಸಿಸೊಪ್ಪು ಕೊಟ್ಟಿಗೆಗೆ ಬಂದು, ದನದ ಕಾಲಡಿ ಹಾಸಾಗಿ, ಸಗಣಿ ಗಂಜಲಗಳಲ್ಲಿ ಕಳಿತು ಗೊಬ್ಬರವಾಗಿ, ಅಡಕೆಯ ಮರದ ಬುಡವನ್ನು ಸೇರುತ್ತಿತ್ತು. ಒಂದು ಎಕರೆ ತೋಟದ ಬೆನ್ನಿಗೆ ಹಲವು ಎಕರೆ ಬೆಟ್ಟ ನಿಲ್ಲಬೇಕಿತ್ತು. ಉತ್ತರ ಕನ್ನಡದಲ್ಲಿ ಎಕರೆಗೆ ಒಂಬತ್ತು ಎಕರೆಯ ಲೆಕ್ಕವೇ ರೂಢಿಗೆ ಬಂದಿತ್ತು. ಬೆಟ್ಟ ಬೋಳಾದರೆ ತೋಟ ಸೊರಗುವುದು ಐದಾರು ವರ್ಷಗಳಲ್ಲಿ ಕಣ್ಣಿಗೆ ಕಾಣುತ್ತಿತ್ತು. ಆದ್ದರಿಂದ ಪಕ್ಕದವನು ಹಸಿಮರ ಕಡಿದರೆ ಕೇಳುವವರಿದ್ದರು. ಮುಂದೆ ಗೋಬರ್ ಗ್ಯಾಸ್ ಬಂದು ಈ ಸರಪಣಿಗೆ ಇನ್ನೊಂದು ಕೊಂಡಿಯನ್ನು ಸೇರಿಸಿತು. ಸೌದೆಯ ಹೊರೆ ಇಳಿಯಿತು, ಬಗ್ಗಡವೂ ತೋಟಕ್ಕೆ ಒದಗಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಒಲೆಗಳು ಮಲೆನಾಡಿನ ಅಡುಗೆಮನೆಗಳಿಗೆ ಬಂದುದೂ ಇದೇ ಹಾದಿಯಲ್ಲಿ. ಪರಿಸರ ಚಳವಳಿಯ ಇತಿಹಾಸ ಬರೆಯುವವರು ಮೆರವಣಿಗೆಗಳನ್ನು ಎಣಿಸುವಷ್ಟು ಒಲೆಗಳನ್ನು ಎಣಿಸಿಲ್ಲ.

ಬಳಕೆಯಲ್ಲಿರುವ ನೆಲವನ್ನು ಕಿತ್ತುಕೊಳ್ಳುವುದು ಸುಲಭವಲ್ಲವೆಂಬುದಕ್ಕೆ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್‌ನ ಪ್ರಕರಣಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ. 1984ರಲ್ಲಿ ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ ಈ ಕಂಪನಿಯನ್ನು ಸ್ಥಾಪಿಸಿದವು. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಮತ್ತು ಅಂದಿನ ಅವಿಭಜಿತ ಧಾರವಾಡ ಜಿಲ್ಲೆಗಳಲ್ಲಿ ಸಿ ಮತ್ತು ಡಿ ವರ್ಗದವೆಂದು ಗುರುತಿಸಿದ್ದ ಸುಮಾರು 30,000 ಹೆಕ್ಟೇರು ಭೂಮಿಯನ್ನು ನಲವತ್ತು ವರ್ಷಗಳ ಅವಧಿಗೆ ಕೊಟ್ಟು ನೀಲಗಿರಿ ಬೆಳೆಸುವುದು ಉದ್ದೇಶ. ಕಡತದಲ್ಲಿ ಆ ನೆಲ ‘ಪಾಳು’. ಊರಿನಲ್ಲಿ ಅದೇ ನೆಲ ದನದ ಮೇವು, ಕಟ್ಟಿಗೆಯ ಹೊರೆ, ಸೊಪ್ಪಿನ ಕಂತೆ, ಬಡವರ ಮನೆಯ ಹಣ್ಣುಹಂಪಲು. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠ ಹಾಗೂ ಸಂಗಡಿಗರು ಹಳ್ಳಿಹಳ್ಳಿಗಳಲ್ಲಿ ಜನರನ್ನು ಸಂಘಟಿಸಿದರು. ಶಿವರಾಮ ಕಾರಂತರೂ ಸೇರಿ 1986ರ ಕೊನೆಯಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಮರುವರ್ಷ ತಡೆಯಾಜ್ಞೆ ದೊರೆಯಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೆರೆದು ನೀಲಗಿರಿಯ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಮರಗಳ ಸಸಿಗಳನ್ನು ನೆಟ್ಟರು. ‘ಕಿತ್ತಿಕೊ-ಹಚ್ಚಿಕೊ’ ಎಂಬ ಈ ಸತ್ಯಾಗ್ರಹದ ಎರಡನೆಯ ಪದಕ್ಕೆ ಮೊದಲನೆಯದರಷ್ಟೇ ತೂಕವಿತ್ತು. ಕಡೆಗೆ 1991ರಲ್ಲಿ ಸರ್ಕಾರ ಕಂಪನಿಯನ್ನೇ ಮುಚ್ಚುವ ತೀರ್ಮಾನಕ್ಕೆ ಬಂತು. ನ್ಯಾಯಾಲಯದ ಪಾತ್ರ ದೊಡ್ಡದೇ. ಆದರೂ ಆ ಭೂಮಿಯಿಂದ ಇಂಥಿಂಥ ಊರಿನವರು ಇಂಥಿಂಥ ವಸ್ತುಗಳನ್ನು ತರುತ್ತಾರೆಂದು ಹೇಳಬಲ್ಲ ಸಾವಿರಾರು ಜನರಿಲ್ಲದಿದ್ದರೆ ‘ಪಾಳು’ ಎಂಬ ಪದವನ್ನು ಅಳಿಸುವುದು ಸಾಧ್ಯವಾಗುತ್ತಿರಲಿಲ್ಲ.

ಶಿವಮೊಗ್ಗ ಜಿಲ್ಲೆಯಲ್ಲಿ ಇದರ ಎರಡನೆಯ ಅಧ್ಯಾಯ ಇನ್ನೂ ದೀರ್ಘ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ ನಲವತ್ತು ವರ್ಷಗಳ ಗುತ್ತಿಗೆಯ ಮೇಲೆ ಕೊಟ್ಟ ನೆಲದಲ್ಲಿ ಅಕೇಶಿಯಾ, ನೀಲಗಿರಿಗಳು ಬೆಳೆದವು. ಕಾರ್ಖಾನೆ 2015ರಲ್ಲಿ ಸ್ಥಗಿತವಾಯಿತು. ಹೀಗಿದ್ದೂ 2020ರಲ್ಲಿ, 20,000 ಹೆಕ್ಟೇರಿಗೂ ಮೀರಿದ ಆ ಭೂಮಿಯ ಗುತ್ತಿಗೆಯನ್ನು ಇನ್ನೂ ನಲವತ್ತು ವರ್ಷ ವಿಸ್ತರಿಸಿದ ಆದೇಶ ಹೊರಟಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಹೆಸರಿನಲ್ಲಿಯೇ ಹೋರಾಟ ರೂಪುಗೊಂಡಿತು. ಕಾಗದವಿಲ್ಲದ ಕಾರ್ಖಾನೆಗೆ ಮರವೇತಕ್ಕೆಂಬ ಪ್ರಶ್ನೆ ಯಾರಿಗಾದರೂ ಹೊಳೆಯುವಂಥದು. ಅಕೇಶಿಯಾದ ಕೆಳಗೆ ಹುಲ್ಲು ಹುಟ್ಟದು, ಅದರ ಎಲೆಯನ್ನು ದನ ಮೂಸದು, ಉದುರಿದ ದರಗು ಬೇಗ ಕೊಳೆಯದು. ಬೆಟ್ಟದ ಕೆಲಸವನ್ನು ಮಾಡಲಾರದ ಮರಗಳು ಬೆಟ್ಟವೆಂಬ ಹೆಸರಿನಲ್ಲಿ ನಿಂತಿವೆ.

ಇಷ್ಟು ಹೇಳಿದ ಮೇಲೆ ಅಹಿತವಾದ ಮಾತಿಗೂ ಬರಬೇಕು. ಕಂಪನಿಯಿಂದ ಉಳಿದ ಬೆಟ್ಟವನ್ನು ಕಳೆದ ಎರಡು ಮೂರು ದಶಕಗಳಲ್ಲಿ ತೋಟಗಳು ತಿನ್ನುತ್ತಿವೆ. ಅಡಕೆಯ ಧಾರಣೆ ಏರಿದಂತೆಲ್ಲ ಭತ್ತದ ಗದ್ದೆಗಳು ತೋಟವಾದವು; ಗದ್ದೆ ಮುಗಿದ ಬಳಿಕ ಗುಡ್ಡದ ಸರದಿ ಬಂತು. ಜೆಸಿಬಿ ಯಂತ್ರವು ಎರಡು ದಿನಗಳಲ್ಲಿ ಅಗಳು ತೆಗೆದು, ಇಳಿಜಾರನ್ನು ಮೆಟ್ಟಿಲುಗಳಾಗಿ ಕೊರೆದುಬಿಡುತ್ತದೆ. ಗುಡ್ಡದ ನೆತ್ತಿಯ ತೋಟಕ್ಕೆ ಹಳ್ಳದ ನೀರು ಏರದು, ಆಗ ಕೊಳವೆಬಾವಿ. ಕೆಳಗಿನ ತೆರೆದ ಬಾವಿ ಒಣಗಿದಾಗ ಅವರೂ ಒಂದು ಕೊಳವೆಬಾವಿ ತೋಡಿಸುತ್ತಾರೆ. ಕೊಟ್ಟಿಗೆಯಲ್ಲಿ ಹತ್ತು ದನಗಳಿದ್ದ ಮನೆಯಲ್ಲಿ ಒಂದೋ ಎರಡೋ ಉಳಿದಿವೆ, ಅನೇಕ ಮನೆಗಳಲ್ಲಿ ಅದೂ ಇಲ್ಲ. ಗೊಬ್ಬರ ಲಾರಿಯಲ್ಲಿ ಬರುತ್ತದೆ. ಹೀಗೆ ಬೆಟ್ಟದ ಅಗತ್ಯವೇ ಇಲ್ಲವಾದಾಗ ಅದು ಯಾರಿಗೂ ಬೇಡದ ನೆಲವಾಯಿತು. ಬೇಡದ ನೆಲಕ್ಕೆ ಬೇಲಿ ಬೀಳುವುದಕ್ಕೆ ತಡವೇನು? 1984ರಲ್ಲಿ ಸರ್ಕಾರದ ಕಡತ ಸುಳ್ಳಾಗಿ ಹೇಳಿದ ‘ಪಾಳು’ ಎಂಬ ಮಾತನ್ನು ಇಂದು ಊರೇ ನಿಜ ಮಾಡಿಕೊಡುತ್ತಿದೆ. ಜಲಾಶಯವನ್ನು ಉಳಿಸುವ ಮೆರವಣಿಗೆಯಲ್ಲಿ ನಡೆದವರ ಪೈಕಿ ಕೆಲವರ ಹೊಸ ತೋಟ ಕಾನಿನೊಳಗಿದೆ ಎಂಬುದು ಸಭೆಯ ಎಲ್ಲರಿಗೂ ಗೊತ್ತಿರುವ, ಯಾರೂ ಎದ್ದುನಿಂತು ಆಡದ ಮಾತು.

ಹೊಸನಗರದ ನಗರ ಹೋಬಳಿ, ತೀರ್ಥಹಳ್ಳಿಯ ಆಗುಂಬೆ ಹೋಬಳಿಗಳ ಕಡೆ ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ತೋಟಗಳನ್ನು ಬಾಧಿಸುತ್ತಿರುವುದೂ ಈ ಲೆಕ್ಕದಲ್ಲಿ ಸೇರಬೇಕು. ಒಂದೇ ಬೆಳೆಯನ್ನು ಗುಡ್ಡದಿಂದ ಗುಡ್ಡಕ್ಕೆ ಹಬ್ಬಿಸುತ್ತ ಹೋದಾಗ ರೋಗಕ್ಕೂ ನಡುವೆ ತಡೆಯಿರುವುದಿಲ್ಲ.

ಹಾಗೆಂದು ಒತ್ತುವರಿದಾರರೆಂಬ ಒಂದೇ ಹೆಸರಿನಲ್ಲಿ ಎಲ್ಲರನ್ನೂ ಕಟ್ಟಿಹಾಕುವುದು ಅನ್ಯಾಯ. ಮುಳುಗಡೆಯಿಂದ ಎದ್ದುಬಂದು ಕಾಡಿನಂಚಿನಲ್ಲಿ ಗುಡಿಸಲು ಹಾಕಿಕೊಂಡವರು, ಎರಡು ಎಕರೆಯಲ್ಲಿ ಹೊಟ್ಟೆ ಹೊರೆಯುತ್ತ ನಮೂನೆ 50, 53, 57 ಎಂದು ಅರ್ಜಿಯ ಮೇಲೆ ಅರ್ಜಿ ಹಾಕಿದ ಬಗರ್‌ಹುಕುಂ ಸಾಗುವಳಿದಾರರು ಒಂದು ಕಡೆ. ಹತ್ತು ಎಕರೆ ಪಟ್ಟಾ ತೋಟದ ಮೇಲೆ ಇನ್ನೂ ಹತ್ತು ಎಕರೆ ಬೆಟ್ಟವನ್ನು ಸೇರಿಸಿಕೊಂಡವರು ಇನ್ನೊಂದು ಕಡೆ. ತೆರವಿನ ನೋಟೀಸು ಮೊದಲು ತಲುಪುವುದು ಯಾರ ಬಾಗಿಲಿಗೆ ಎಂದು ಕೇಳಿದರೆ ಆಡಳಿತದ ಒಲವು ತಿಳಿಯುತ್ತದೆ. 1951ರ ಕಾಗೋಡು ಸತ್ಯಾಗ್ರಹವನ್ನು ಕಂಡ ಸಾಗರದ ನೆಲದಲ್ಲಿ ಪರಿಸರದ ಮಾತು ಭೂಹೀನರ ವಿರುದ್ಧದ ಮಾತಾಗಿ ಕೇಳಿಸಿದರೆ ಅದಕ್ಕೆ ಬೆಲೆ ಬಾರದು. ದೊಡ್ಡ ಹಿಡುವಳಿಯವರು ಬೆಟ್ಟವನ್ನು ಬಿಟ್ಟುಕೊಟ್ಟು ಮಾತಾಡಿದಾಗ ಮಾತ್ರ ಉಳಿದವರು ಕಿವಿಗೊಟ್ಟಾರು.

ಸ್ಥಳೀಯರು ಸ್ವತಃ ಕಾಪಾಡಿಕೊಂಡ ಉದಾಹರಣೆಗಳೂ ಈ ಸೀಮೆಯಲ್ಲಿವೆ. ತೀರ್ಥಹಳ್ಳಿ ತಾಲ್ಲೂಕಿನ ಚಿಬ್ಬಲಗುಡ್ಡೆಯಲ್ಲಿ ದೇವಾಲಯದ ಮುಂದಿನ ತುಂಗೆಯ ಮಡುವಿನಲ್ಲಿ ಮೀನು ಹಿಡಿಯುವಂತಿಲ್ಲ. ಬಂದವರು ಮಂಡಕ್ಕಿ ಎರಚಿದರೆ ಮೊಳದುದ್ದದ ಮೀನುಗಳು ಮೇಲೆದ್ದು ಬರುತ್ತವೆ. ಆ ಮತ್ಸ್ಯಧಾಮವನ್ನು ಕಾದಿರುವುದು ಪೊಲೀಸರ ಲಾಠಿಗಿಂತ ಹೆಚ್ಚಾಗಿ ಊರವರ ಕಣ್ಣು. ಆದರೆ ಮೀನಿಗೆ ಒಂದು ಮಡು ಸಾಲದು. ಮೇಲೆ ಮರಳು ಬಗೆದರೆ, ಹೊಳೆಗೆ ವಿಷವೋ ತೋಟೆಯೋ ಬಿದ್ದರೆ ಮಡುವಿನ ಭಕ್ತಿ ಅವನ್ನು ಉಳಿಸಲಾರದು. ಸಾಗರ ತಾಲ್ಲೂಕಿನ ಅಂಬಾರಗುಡ್ಡದಲ್ಲಿ ಗಣಿಗಾರಿಕೆಯ ವಿರುದ್ಧ ಜನ ದನಿಯೆತ್ತಿದರು. 2011ರಲ್ಲಿ ಆ ಹುಲ್ಲುಗಾವಲು-ಶೋಲಾ ಬೆಟ್ಟ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಹೊಳೆದಂಡೆಯ ಅಪ್ಪೆಮಿಡಿಯ ಮರಗಳದು ಇನ್ನೊಂದು ಬಗೆ. ಮುಳುಗಡೆಯಲ್ಲಿ ಹೋದವು ಹೋದವು. ಉಳಿದವನ್ನು ಮಿಡಿಯ ಆಸೆಗೆ ಕೊಂಬೆ ಸಮೇತ ಕಡಿದು ಕೆಡವುತ್ತಿದ್ದಾಗ, ಸಾಗರ-ಹೊಸನಗರಗಳ ಕೆಲವು ಕೃಷಿಕರು ಒಳ್ಳೆಯ ಮರಗಳನ್ನು ಹುಡುಕಿ ಕಡ್ಡಿ ತಂದು ಕಸಿ ಕಟ್ಟಿ ತೋಟದ ಅಂಚಿಗೆ ತಂದರು. ಯಾವ ಇಲಾಖೆಯ ಆದೇಶವೂ ಇಲ್ಲದೆ ನಡೆದ ಕೆಲಸವದು. ಉಪ್ಪಿನಕಾಯಿಯ ರುಚಿಯೇ ಅದಕ್ಕೆ ಪ್ರೇರಣೆ.

ಬೆಟ್ಟಕ್ಕೆ ಮರಳಿ ಹೋಗಿರೆಂದು ಹೇಳುವಾಗ ಅಪಾಯವನ್ನೂ ಮುಚ್ಚಿಡಬಾರದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನಕಾಯಿಲೆ 2018-19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನ ಸುತ್ತ ಹಲವರ ಪ್ರಾಣ ತೆಗೆಯಿತು. ದರಗು ಗುಡಿಸಲು, ಸೌದೆ ತರಲು ಹೋದವರಿಗೇ ಉಣುಗು ಕಚ್ಚುವುದು. ಮಂಗ ಸತ್ತುದು ಕಂಡೊಡನೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು, ಮೈಗೆ ಉಣುಗುನಿವಾರಕ ತೈಲ ಸವರಿಕೊಳ್ಳದೆ ಬೆಟ್ಟಕ್ಕೆ ಹೋಗದಿರುವುದು, ಜ್ವರವನ್ನು ಅಲಕ್ಷಿಸದಿರುವುದು ಕೂಡ ಗ್ರಾಮದ ಪರಿಸರ ಕಾರ್ಯದ ಭಾಗವೇ.

ಇನ್ನು ಮಾಡಬೇಕಾದ ಕೆಲಸ. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವು ವಿಧಿಸಿದ ಮೇಲೆ ದಾಖಲಾತಿಗಳು ತರಾತುರಿಯಲ್ಲಿ ತಯಾರಾದವು. ಊರಿನ ಕಾನಿನ ಹೆಸರನ್ನೇ ಕೇಳದೆ ಸಿದ್ಧವಾದ ಪುಸ್ತಕ ಅಲ್ಮೇರದಲ್ಲಿದ್ದರೆ ಅದರಿಂದ ಪ್ರಯೋಜನ ಅಲ್ಪ. ಅದನ್ನು ಹೊರಗೆ ತೆಗೆಸಿ, ತಪ್ಪು ತಿದ್ದಿಸಿ, ಬಿಟ್ಟುಹೋದ ಕಾನು, ಒರತೆ, ದೇವರಬನಗಳನ್ನು ಸರ್ವೆನಂಬರು ಸಹಿತ ಸೇರಿಸುವುದಕ್ಕೆ ಹಣ ಬೇಕಿಲ್ಲ. ನಾಲ್ಕು ಜನ ವೃದ್ಧರೂ ಅಕ್ಷರ ಬಲ್ಲ ನಾಲ್ಕು ಜನ ಯುವಕ ಯುವತಿಯರೂ ಒಂದು ಬೇಸಗೆ ಕುಳಿತರೆ ಸಾಕು. ಗ್ರಾಮ ನಕಾಶೆಯೂ ಪಹಣಿಯೂ ತಾಲ್ಲೂಕು ಕಚೇರಿಯಲ್ಲಿ ದೊರೆಯುತ್ತವೆ. ಅವುಗಳಲ್ಲಿ ಸೊಪ್ಪಿನಬೆಟ್ಟವೆಂದಿರುವ ಸರ್ವೆನಂಬರಿನ ಎದುರಿಗೆ ಇಂದು ನೆಲದ ಮೇಲೆ ಇರುವುದೇನು, ಮರವೋ ಅಕೇಶಿಯಾವೋ ಅಡಕೆಯೋ, ಎಂದು ಬರೆದುಕೊಳ್ಳುವುದೇ ಮೊದಲ ಹೆಜ್ಜೆ. 2006ರ ಅರಣ್ಯ ಹಕ್ಕು ಕಾಯಿದೆಯು ವೈಯಕ್ತಿಕ ಹಕ್ಕಿನ ಜೊತೆಗೆ ಸಮುದಾಯದ ಹಕ್ಕನ್ನೂ ಗ್ರಾಮಸಭೆಯ ಮುಂದಿಟ್ಟಿದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರಿನ, ಎಂದರೆ 75 ವರ್ಷಗಳ, ವಾಸವನ್ನು ತೋರಿಸಬೇಕೆಂಬ ಷರತ್ತು ಅನೇಕರಿಗೆ ತೊಡಕಾಗಿದೆ. ವೈಯಕ್ತಿಕ ಅರ್ಜಿಗಳ ನೂಕುನುಗ್ಗಲಿನಲ್ಲಿ ಸಮುದಾಯದ ಹಕ್ಕನ್ನು ಕೇಳಿದ ಊರುಗಳು ವಿರಳ.

ಕೆರೆಯ ಹೂಳೆತ್ತುವ ಉತ್ಸಾಹ ಈಚೆಗೆ ಹೆಚ್ಚಿರುವುದು ಸಂತೋಷದ ಸಂಗತಿ. ಆನಂದಪುರದ ಬಳಿ ಕೆಳದಿ ಅರಸರ ಕಾಲದ ಚಂಪಕ ಸರಸ್ಸು ಮತ್ತೆ ತಿಳಿನೀರನ್ನು ಕಂಡಿದೆ. ಆದರೆ ಕೆರೆಯ ಮೇಲಣ ಇಳಿಜಾರನ್ನು ಯಂತ್ರದಿಂದ ಕೊರೆಯುತ್ತಿರುವವರೆಗೂ ಎತ್ತಿದ ಹೂಳು ನಾಲ್ಕಾರು ಮಳೆಗಾಲಗಳಲ್ಲಿ ಮರಳಿ ಬರುತ್ತದೆ. ಹೂಳೆತ್ತಲು ಕೂಡಿದ ಸಮಿತಿಯೇ ಕೆರೆಯ ಅಚ್ಚುಕಟ್ಟಿನ ಬದಲು ಮೊದಲು ಜಲಾನಯನದ ಸರ್ವೆನಂಬರುಗಳನ್ನು ಪಟ್ಟಿಮಾಡಿ, ಅಲ್ಲಿ ಹೊಸ ಅಗಳು ತೆಗೆಯದಂತೆ ಗ್ರಾಮಸಭೆಯಲ್ಲಿ ನಿರ್ಣಯ ಬರೆಸಬೇಕು. ನಿರ್ಣಯದ ಪ್ರತಿಯನ್ನು ತಹಶೀಲ್ದಾರರಿಗೂ ವಲಯ ಅರಣ್ಯಾಧಿಕಾರಿಗಳಿಗೂ ಕಳುಹಿಸಿ ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು. ಮಳೆಗಾಲ ಹಿಡಿಯುವ ಮೊದಲು ಈ ಕೆಲಸವಾದರೆ, ಅದೇ ಮಳೆಯಲ್ಲಿ ಬೋಳಾದ ಜಾಗಕ್ಕೆ ಹಲಸು, ಉಪ್ಪಾಗೆ, ಮುರುಗಲು, ಮತ್ತಿ, ಹೊನ್ನೆಯ ಬೀಜ ಊರಲು ಅನುಕೂಲವಾಗುತ್ತದೆ; ಈ ಬೀಜಗಳನ್ನು ಮಾತ್ರ ಬೇಸಗೆಯಲ್ಲಿಯೇ ಕೂಡಿಟ್ಟುಕೊಳ್ಳತಕ್ಕದ್ದು. ಉಪ್ಪಾಗೆಯೊಂದು ಮಳೆಗಾಲದಲ್ಲಿ ಹಣ್ಣಾಗುವುದರಿಂದ ಅದರ ಬೀಜವನ್ನು ಹಿಂದಿನ ವರ್ಷವೇ ತೆಗೆದಿರಿಸಬೇಕಾಗುತ್ತದೆ.